ನೊಣದ ಮೀಸೆಯ ಹಿಂದೆ ಮೂವತ್ತು ವರ್ಷ

ಎಲ್ಲರಿಗೂ ನಮಸ್ಕಾರ.

ಮುಂಬೈಯಲ್ಲಿ, ಅದರಲ್ಲೂ ಮಾಟುಂಗದಲ್ಲಿ ಸಭೆ ಅಂದಮೇಲೆ ಹೋಟೆಲಿನವರು ನಾಲ್ಕಾರು ಜನ ಇದ್ದೇ ಇರುತ್ತೀರಿ. ನಿಮ್ಮನ್ನೇ ಕೇಳುತ್ತೇನೆ. ಬೆಳಿಗ್ಗೆ ಒಳಗೆ ಕಾಲಿಟ್ಟ ಕೂಡಲೇ ಸಾಂಬಾರಿನ ಪರಿಮಳ ಮೂಗಿಗೆ ಬಡಿಯುತ್ತದೆ. ಅರ್ಧ ಗಂಟೆ ಗಲ್ಲಾದಲ್ಲಿ ಕೂತ ಮೇಲೆ? ಏನೂ ಗೊತ್ತಾಗುವುದಿಲ್ಲ, ಅಲ್ವಾ? ಕೊಲಾಬಾದ ಸಸೂನ್ ಡಾಕ್‌ನಲ್ಲೂ ಇದೇ ಕಥೆ. ಬಸ್ಸಿನಲ್ಲಿ ಹೋಗುವ ನಾವು ಮೂಗು ಮುಚ್ಚಿಕೊಳ್ಳುತ್ತೇವೆ. ಮೀನು ಮಾರುವ ಹೆಂಗಸರು ಅಲ್ಲೇ ಕೂತು ಆರಾಮಾಗಿ ಚಹಾ ಕುಡಿಯುತ್ತಾರೆ.

ಅಲ್ಲಿಂದ ಇನ್ನೂ ಮುಂದೆ ಹೋದರೆ ನೇವಿ ನಗರ, ಸಮುದ್ರದ ಅಂಚಿಗೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ನಾವೆಲ್ಲ ಟಿಐಎಫ್‌ಆರ್ ಅನ್ನುತ್ತೇವೆ. ಅಲ್ಲಿ ಕೆಲಸ ಮಾಡಿದ ವೆರೋನಿಕಾ ರೊಡ್ರಿಗಸ್ ಅವರ ಬಗ್ಗೆ ಇವತ್ತು ಹೇಳಬೇಕು. ಮನೆತನ ಗೋವಾದ್ದು. 1953ರಲ್ಲಿ ಹುಟ್ಟಿದ್ದು ಕೀನ್ಯಾದಲ್ಲಿ. ಓದಿದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ, ಟ್ರಿನಿಟಿ ಕಾಲೇಜಿನಲ್ಲಿ. 1970ರ ದಶಕದಲ್ಲಿ ನಮ್ಮ ಜಾಣ ಮಕ್ಕಳು ವಿಮಾನ ಹತ್ತಿ ಆ ಕಡೆ ಹೋಗುತ್ತಿದ್ದರೆ, ಇವರು ಈ ಕಡೆ ಬಂದರು. ಒಬೈದ್ ಸಿದ್ದಿಕಿ ಅವರ ಕೈಕೆಳಗೆ ಪಿಎಚ್‌ಡಿ ಮಾಡಲಿಕ್ಕೆ.

ಸಿದ್ದಿಕಿ 1962ರಲ್ಲೇ ಟಿಐಎಫ್‌ಆರ್‌ನಲ್ಲಿ ಜೀವವಿಜ್ಞಾನದ ವಿಭಾಗ ಕಟ್ಟಿದವರು. ಅವರ ಲ್ಯಾಬಿನಲ್ಲಿ ಸಾಕುತ್ತಿದ್ದದ್ದು ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣ. ನೊಣಕ್ಕೆ ಮೂಗಿಲ್ಲ, ಮೀಸೆಯಿದೆ. ವಾಸನೆ ಹಿಡಿಯುವುದು ಹೆಚ್ಚಾಗಿ ಅದರಿಂದಲೇ. ಹೇಗೆ ಹಿಡಿಯುತ್ತದೆ ಎನ್ನುವುದು ಪ್ರಶ್ನೆ. ಸಿದ್ದಿಕಿ ಮತ್ತು ರೊಡ್ರಿಗಸ್ ಅವರ ಉಪಾಯ ಸರಳ. ಜೀನ್ ಕೆಟ್ಟ ನೊಣಗಳನ್ನು ಬೆಳೆಸು, ವಾಸನೆ ಗೊತ್ತಾಗದವುಗಳನ್ನು ಆರಿಸು, ಯಾವ ಜೀನ್ ಕೆಟ್ಟಿದೆ ನೋಡು. ಕವಲೊಡೆದ ಗಾಜಿನ ಕೊಳವೆಯಲ್ಲಿ ನೊಣ ಬಿಡುವುದು, ಒಂದು ಕವಲಿಗೆ ವಾಸನೆ ಹಾಯಿಸುವುದು, ಯಾವ ಕಡೆ ಎಷ್ಟು ಹೋದವು ಎಂದು ಎಣಿಸುವುದು. ದಿನಗಟ್ಟಲೆ ಇದೇ ಎಣಿಕೆ. ಇದರಿಂದ ಯಾರಿಗೆ ಏನು ಲಾಭ ಅಂತ ಕೇಳುವವರು ಆಗಲೂ ಇದ್ದಿರಬೇಕು, ಈಗಂತೂ ಜಾಸ್ತಿ. 1978ರಲ್ಲಿ ಇಬ್ಬರೂ ಸೇರಿ ಈ ಕೆಲಸವನ್ನು ಪ್ರಕಟಿಸಿದರು. ಅದೂ ನಮ್ಮ ದೇಶದ್ದೇ ಪತ್ರಿಕೆಯಲ್ಲಿ.

ಆಮೇಲೆ ರೊಡ್ರಿಗಸ್ ಹೋದದ್ದು ಜರ್ಮನಿಯ ಟ್ಯೂಬಿಂಗನ್‌ಗೆ. ಅಲ್ಲಿ ಎರಿಕ್ ಬುಕ್ನರ್ ಜೊತೆ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. ದುಡಿಯುವ ನರಕೋಶಕ್ಕೆ ಸಕ್ಕರೆ ಬೇಕು. ಸಕ್ಕರೆಯ ವೇಷದ, ಆದರೆ ಕೋಶಕ್ಕೆ ಅರಗದ ಒಂದು ವಸ್ತುವಿಗೆ ವಿಕಿರಣದ ಗುರುತು ಹಚ್ಚಿ ನೊಣಕ್ಕೆ ಕೊಟ್ಟರು. ನಂತರ ವಾಸನೆ ತೋರಿಸಿದರು. ಮಿದುಳಿನಲ್ಲಿ ಯಾವ ಜಾಗ ದುಡಿಯಿತೋ ಅಲ್ಲಿ ಗುರುತು ಉಳಿಯಿತು. ವಾಸನೆ ಬದಲಾದರೆ ಜಾಗವೂ ಬದಲಾಗುತ್ತದೆ ಎನ್ನುವುದು ಹೀಗೆ ಕಣ್ಣಿಗೇ ಕಂಡಿತು.

ಟಿಐಎಫ್‌ಆರ್‌ಗೆ ವಾಪಸ್ಸು ಬಂದು ಅಧ್ಯಾಪಕರಾದರು. ಪ್ರಶ್ನೆ ಮಾತ್ರ ಬಿಡಲಿಲ್ಲ, ಅದರ ಬೇರು ಹಿಡಿದು ಹಿಂದೆ ಹಿಂದೆ ಹೋದರು. ವಾಸನೆಯ ಕೋಶಗಳು ಇಷ್ಟು ಸರಿಯಾಗಿ ಒಂದಕ್ಕೊಂದು ಹೊಂದಿಕೊಂಡಿವೆಯಲ್ಲ, ಹೊಂದಿಸಿದವರು ಯಾರು? ಅವು ಹುಟ್ಟಿದ್ದಾದರೂ ಎಲ್ಲಿ? ಹಾಗೆ ಹೋಗಿ ತಲುಪಿದ್ದು ಕಾಂಡಕೋಶಕ್ಕೆ.

ಕಾಂಡಕೋಶ ಅಂದರೆ ಮನೆಯಲ್ಲಿ ಮೊಸರಿಗೆ ಹೆಪ್ಪು ಉಳಿಸುತ್ತೇವಲ್ಲ, ಹಾಗೆ. ಎಲ್ಲವನ್ನೂ ಬಡಿಸಿಬಿಟ್ಟರೆ ನಾಳೆಗೆ ಏನಿದೆ? ನೊಣದ ಮಿದುಳು ಕಟ್ಟುವ ಕಾಂಡಕೋಶಕ್ಕೆ ನ್ಯೂರೋಬ್ಲಾಸ್ಟ್ ಅನ್ನುತ್ತಾರೆ. ಅದು ಒಡೆದು ಎರಡಾಗುತ್ತದೆ. ಒಂದು ಹೆಪ್ಪಾಗಿಯೇ ಉಳಿಯುತ್ತದೆ. ಇನ್ನೊಂದು ಮತ್ತೆ ಒಡೆದು ನರಕೋಶಗಳಾಗುತ್ತದೆ. ವಾಸನೆಯ ಕೇಂದ್ರದಲ್ಲಿ ಎರಡು ಜಾತಿಯ ಕೋಶಗಳಿವೆ. ಒಂದು ಸುದ್ದಿಯನ್ನು ಮಿದುಳಿನ ಒಳಗೆ ಸಾಗಿಸುವ ಟಪಾಲಿನವನು. ಇನ್ನೊಂದು ಕೂತಲ್ಲೇ ಅಕ್ಕಪಕ್ಕದವರನ್ನು ಗದರಿಸಿ ಸುಮ್ಮನಿರಿಸುವ ಹಿರಿಯ. ಈ ಎರಡೂ ಒಂದೇ ಕಾಂಡಕೋಶದ ಮಕ್ಕಳಾಗಿರಬಹುದು ಎಂದು 2008ರಲ್ಲಿ ರೊಡ್ರಿಗಸ್ ಮತ್ತು ಹೈನ್ರಿಶ್ ರೈಕರ್ಟ್ ಅವರ ತಂಡ ತೋರಿಸಿತು. ಅಷ್ಟರಲ್ಲಿ ರೊಡ್ರಿಗಸ್ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್ ಸೇರಿದ್ದರು. ಅದೂ ಟಿಐಎಫ್‌ಆರ್‌ನದ್ದೇ ಕೂಸು, ಸಿದ್ದಿಕಿ ಕಟ್ಟಿದ್ದು.

ಈಗ ಗಲ್ಲಾಕ್ಕೆ ವಾಪಸ್ಸು ಬರೋಣ. ಸಾಂಬಾರಿನ ವಾಸನೆ ಎಲ್ಲಿ ಹೋಯಿತು? ನೊಣವೂ ನಮ್ಮ ಹಾಗೇ. ಅರ್ಧ ಗಂಟೆ ಒಂದೇ ವಾಸನೆಯಲ್ಲಿ ಇಟ್ಟರೆ ಸ್ವಲ್ಪ ಹೊತ್ತು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ನಾಲ್ಕು ದಿನ ಇಟ್ಟರೆ ಆ ಉದಾಸೀನ ದಿನಗಟ್ಟಲೆ ಉಳಿಯುತ್ತದೆ. ಇಲ್ಲಿ ಮೀಸೆ ಸೋತಿರುವುದಿಲ್ಲ. ಗದರಿಸುವ ಆ ಹಿರಿಯ ಕೋಶಗಳ ದನಿ ಜೋರಾಗಿರುತ್ತದೆ. ನಮ್ಮ ಮೂಗಿನಲ್ಲೂ ನಡೆಯುವುದು ಇದೇ ಎಂದು ನಾನು ಹೇಳುವುದಿಲ್ಲ, ಇದು ನೊಣದಲ್ಲಿ ಕಂಡ ಮಾತು.

ಈ ಕೆಲಸದಲ್ಲಿ ರೊಡ್ರಿಗಸ್ ಅವರಿಗೆ ಜೊತೆಯಾದವರು ಮಣಿ ರಾಮಸ್ವಾಮಿ. ಅವರು ಇದ್ದದ್ದು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ, ರೊಡ್ರಿಗಸ್ ಓದಿದ ಅದೇ ಕಾಲೇಜು. ಲೇಖನ ಅಚ್ಚಾದದ್ದು 2011ರಲ್ಲಿ. ಹೆಸರುಗಳ ಸಾಲಿನಲ್ಲಿ ಕೊನೆಯಿಂದ ಎರಡನೆಯದು ರೊಡ್ರಿಗಸ್ ಅವರದ್ದು. ಅವರು 2010ರ ನವೆಂಬರಿನಲ್ಲೇ ತೀರಿಕೊಂಡಿದ್ದರು.