ಗಿಟಾರಿಗೊಂದು ಕೆಲಸ, ಯುಕುಲೇಲಿಗೊಂದು ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಧಾರವಾಡದಲ್ಲಿ ಗಿಟಾರ್ ಕಲಿಸುವವನು. ಈಚೆಗೆ ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನರ ಮನೆಯಲ್ಲಿ ಎರಡು ವಾದ್ಯ ಇರುತ್ತವೆ. ಗೋಡೆಗೆ ಒರಗಿಸಿದ ಗಿಟಾರ್ ಒಂದು, ಮಂಚದ ಮೇಲೆ ಬಿದ್ದಿರುವ ಯುಕುಲೇಲಿ, ಅಂದರೆ ಗಿಟಾರಿನಂಥದ್ದೇ ನಾಲ್ಕು ತಂತಿಯ ಪುಟ್ಟ ವಾದ್ಯ, ಒಂದು. ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗರಿರಲಿ, ಹುಬ್ಬಳ್ಳಿಯ ವಿದ್ಯಾನಗರದ ತಾಯಂದಿರಿರಲಿ, ನೌಕರಿಯಿಂದ ನಿವೃತ್ತಿಯಾದವರಿರಲಿ, ಕೇಳುವ ಪ್ರಶ್ನೆ ಒಂದೇ. 'ಸರ್, ಗಿಟಾರ್ ಎಷ್ಟು ತಾಸು, ಯುಕುಲೇಲಿ ಎಷ್ಟು ತಾಸು?'

ಉತ್ತರ ಈಗಲೇ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಕೆಲವರು ಅರ್ಧಕ್ಕೇ ರೇಡಿಯೋ ಬಂದ್ ಮಾಡಿ ಹಾಲು ತರಲು ಹೋಗುವವರು, ನನಗೆ ಗೊತ್ತು. ತಾಸು ಹಂಚಬೇಡಿ. ಕೆಲಸ ಹಂಚಿ. ಇವತ್ತು ನನಗೆ ಹೇಳಬೇಕಾಗಿರುವುದು ಇಷ್ಟೇ.

ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಹಾಗೆ ದಿನವನ್ನು ಅರ್ಧರ್ಧ ಮಾಡುತ್ತೀರಿ. ಇದಕ್ಕೆ ಹದಿನೈದು ನಿಮಿಷ, ಅದಕ್ಕೆ ಹದಿನೈದು ನಿಮಿಷ. ಏನಾಗುತ್ತದೆ? ಗಿಟಾರ್ ತೆಗೆದು ಶ್ರುತಿ ಮಾಡುವಷ್ಟರಲ್ಲಿ ಐದು ನಿಮಿಷ ಹೋಯಿತು. ಬೆರಳು ಹದಕ್ಕೆ ಬರಲು ಇನ್ನೈದು. ಕೈ ಈಗ ತಾನೇ ಬಿಸಿಯಾಗಿದೆ ಅನ್ನುವಾಗ ಗಿಟಾರ್ ಕೆಳಗಿಟ್ಟು ಯುಕುಲೇಲಿ ಎತ್ತುತ್ತೀರಿ. ಸಾಮಾನ್ಯ ಗಿಟಾರಿನಲ್ಲಿ ನುಡಿಯುವ ತಂತಿಯ ಉದ್ದ ಸುಮಾರು 25 ಇಂಚು. ಸಣ್ಣ ಯುಕುಲೇಲಿಯಲ್ಲಿ, ಅಂದರೆ ಸೊಪ್ರಾನೋ ಅಳತೆಯದರಲ್ಲಿ, ಸುಮಾರು 13 ಇಂಚು. ಫ್ರೆಟ್‌ಗಳ ನಡುವಿನ ಜಾಗ, ಅಂದರೆ ವಾದ್ಯದ ಕತ್ತಿನ ಮೇಲಿನ ಅಡ್ಡ ಕಂಬಿಗಳ ನಡುವಿನ ಅಂತರ, ಅರ್ಧಕ್ಕೆ ಇಳಿಯಿತು. ಅಗಲ ಮಾಡಿದ ಬೆರಳನ್ನು ತಕ್ಷಣ ಮುದುಡಬೇಕು. ಪಾಪ, ಕೈ ಏನು ಮಾಡೀತು?

ಇನ್ನೊಂದು ತೊಂದರೆ ಇದೆ, ಅದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ. ಒಂದು ವಾದ್ಯ ಕಷ್ಟ ಕೊಟ್ಟ ಕೂಡಲೇ ಇನ್ನೊಂದಕ್ಕೆ ಓಡಿಹೋಗುತ್ತೀರಿ. ಕಾರ್ಡ್ ಅಂದರೆ ಹಲವು ಸ್ವರ ಒಟ್ಟಿಗೆ ನುಡಿಸುವುದು. ಗಿಟಾರಿನಲ್ಲಿ ಎಫ್ ಕಾರ್ಡ್ ಅಂದರೆ ಎಲ್ಲರಿಗೂ ಜ್ವರ ಬರುತ್ತದೆ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತಬೇಕು. ಸ್ಟೀಲ್ ತಂತಿಯಾದರೆ ಬೆರಳಲ್ಲಿ ಗೆರೆ ಮೂಡುತ್ತದೆ. ಅದೇ ಎಫ್ ಯುಕುಲೇಲಿಯಲ್ಲಿ ಎರಡೇ ಬೆರಳು, ಅದೂ ಮೆತ್ತನೆಯ ನೈಲಾನ್ ತಂತಿ. ಓಡಿದರು! ಆಮೇಲೆ ಯುಕುಲೇಲಿಯಲ್ಲಿ ಇ ಮೇಜರ್ ಬರುತ್ತದೆ. ಅಲ್ಲಿ ಅದು ಕೈ ತಿರುಚುವ ಕಾರ್ಡ್, ಗಿಟಾರಿನಲ್ಲಿ ಮೊದಲ ವಾರವೇ ಬರುವಂಥದ್ದು. ಮತ್ತೆ ಇತ್ತ ಓಡಿದರು! ಹೀಗೆ ವರ್ಷಗಟ್ಟಲೆ ಎರಡೂ ವಾದ್ಯ ನುಡಿಸಿ ಎರಡರಲ್ಲೂ ಸುಲಭದ ಮೂರು ಕಾರ್ಡ್ ಮಾತ್ರ ಬರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇವು ಬೇರೆ ಬೇರೆ ವಾದ್ಯ ಅಂದುಕೊಂಡಿದ್ದೀರಾ? ಗಿಟಾರಿನ ಐದನೇ ಫ್ರೆಟ್‌ಗೆ ಕೇಪೋ, ಅಂದರೆ ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್, ಹಾಕಿ, ದಪ್ಪ ತಂತಿ ಎರಡನ್ನು ಮರೆತುಬಿಡಿ. ಉಳಿದ ನಾಲ್ಕು ತಂತಿ ಮೀಟಿ. ಅದೇ ನಿಮ್ಮ ಯುಕುಲೇಲಿ: ಜಿ, ಸಿ, ಇ, ಎ. ಒಂದೇ ವ್ಯತ್ಯಾಸ, ಯುಕುಲೇಲಿಯ ನಾಲ್ಕನೇ ತಂತಿ, ಆ ಜಿ, ಸಾಮಾನ್ಯವಾಗಿ ಒಂದು ಸಪ್ತಕ ಮೇಲಿರುತ್ತದೆ. ಅದಕ್ಕೇ ಅದರ ದನಿ ಗಿಲಿಗಿಲಿ ಅನ್ನುತ್ತದೆ, ಕೆಳಗೆ ಖರ್ಜ, ಅಂದರೆ ತಗ್ಗಿನ ದಪ್ಪ ದನಿ, ಇರುವುದಿಲ್ಲ. ಗಿಟಾರಿನಲ್ಲಿ ಡಿ ಹಿಡಿಯುವ ಬೆರಳುಗಳನ್ನೇ ಯುಕುಲೇಲಿಯಲ್ಲಿ ಇಟ್ಟರೆ ಜಿ ಬರುತ್ತದೆ. ಜಿ ಬೆರಳು ಇಟ್ಟರೆ ಸಿ. ಸಿ ಬೆರಳು ಇಟ್ಟರೆ ಎಫ್. ಬೆರಳು ಅದೇ, ಹೆಸರು ಬೇರೆ.

ಈ ಮಾತಿಗೆ ನಮ್ಮ ಮೇಷ್ಟ್ರ ಕಥೆ ಹೇಳಲೇಬೇಕು.

ಗದಗ ಕಡೆಯವರು, ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕರು. ಭಾನುವಾರ ರೈಲು ಹಿಡಿದು ಧಾರವಾಡಕ್ಕೆ ಬಂದು ಗಿಟಾರ್ ಕಲಿಯುತ್ತಿದ್ದರು. ವಾರದ ದಿನಗಳಲ್ಲಿ ಗಿಟಾರನ್ನು ಬಸ್ಸಿನಲ್ಲಿ ಶಾಲೆಗೆ ಒಯ್ಯುವುದು ಒಂದು ಯುದ್ಧ. ಸಂತೆ ದಿನ ಬುಟ್ಟಿ, ಚೀಲಗಳ ನಡುವೆ ಇವರ ಗಿಟಾರ್ ನೋಡಿ ಕಂಡಕ್ಟರ್, 'ಇದಕ್ಕೂ ಒಂದು ಟಿಕೆಟ್ ತಗೋರಿ' ಅಂದರಂತೆ. ಅದಕ್ಕೆ ಯುಕುಲೇಲಿ ಕೊಂಡರು. ತಪ್ಪೇನಿಲ್ಲ. ಆದರೆ ಮೇಷ್ಟ್ರಲ್ಲವಾ, ವೇಳಾಪಟ್ಟಿ ಇಲ್ಲದೆ ಅವರಿಗೆ ಊಟ ಸೇರುವುದಿಲ್ಲ. ಡ್ರಾಯಿಂಗ್ ಶೀಟಿನ ಮೇಲೆ ಗೆರೆ ಹೊಡೆದು ಕೆಂಪು ಶಾಯಿಯಲ್ಲಿ ಗಿಟಾರ್, ನೀಲಿ ಶಾಯಿಯಲ್ಲಿ ಯುಕುಲೇಲಿ ಬರೆದು ಗೋಡೆಗೆ ಅಂಟಿಸಿದರು. ಸೋಮವಾರ ಕೆಂಪು, ಮಂಗಳವಾರ ನೀಲಿ, ಬುಧವಾರ ಕೆಂಪು.

ಸೋಮವಾರ ಶಾಲೆಯಲ್ಲಿ ಮೀಟಿಂಗ್ ಆಯಿತು ಅನ್ನಿ, ಕೆಂಪು ತಪ್ಪಿತು. ಅದನ್ನು ಪಟ್ಟಿಯ ಮಗ್ಗುಲಲ್ಲಿ 'ಗಿಟಾರ್ ಬಾಕಿ ಒಂದು ತಾಸು' ಅಂತ ಬರೆಯುತ್ತಿದ್ದರು. ಬಾಕಿ ಬೆಳೆಯುತ್ತಾ ಹೋಯಿತು. ಒಂದು ಭಾನುವಾರ ಬಂದು ಕೂತವರೇ, 'ಸರ್ರ, ಗಿಟಾರಿಂದು ಸಾಲ ತೀರವಲ್ದು. ಗಿಟಾರ್ ಹಿಡಿದ್ರ ಯುಕುಲೇಲಿ ಚಿಂತಿ, ಯುಕುಲೇಲಿ ಹಿಡಿದ್ರ ಗಿಟಾರಿನ ಚಿಂತಿ' ಅಂದರು. ಹಾಡಿಕೊಂಡು ಖುಷಿಯಾಗಿರಲಿ ಅಂತ ತಂದ ವಾದ್ಯಕ್ಕೆ ಬಾಕಿ ಪುಸ್ತಕ!

ಅಷ್ಟರಲ್ಲಿ ಶಾಲೆಯಲ್ಲಿ ಇನ್ನೊಂದು ರಾದ್ಧಾಂತ ಆಗಿತ್ತು. ಆಗಸ್ಟ್ 15ರ ತಾಲೀಮು. ಸಹೋದ್ಯೋಗಿಯೊಬ್ಬರು ಹಾರ್ಮೋನಿಯಂ ಹಿಡಿದು ಬಿಳಿ ಐದರಲ್ಲಿ ಷಡ್ಜ ಇಟ್ಟರು. ಬಿಳಿ ಐದು ಅಂದರೆ ಐದನೇ ಬಿಳಿ ಮನೆ, ಜಿ. ನಮ್ಮ ಮೇಷ್ಟ್ರು ಯುಕುಲೇಲಿ ಎತ್ತಿಕೊಂಡು, ಗಿಟಾರಿನ ಅಭ್ಯಾಸಬಲದಿಂದ ಜಿ ಬೆರಳು ಇಟ್ಟರು. ಹೊರಟಿದ್ದು ಸಿ, ಅಂದರೆ ಬಿಳಿ ಒಂದು. ಇವರು ಜೋರಾಗಿ ಬಾರಿಸಿದಷ್ಟೂ ಅವರು ಜೋರಾಗಿ ತಿದಿ ಒತ್ತಿದರು. ಮಕ್ಕಳು ಅರ್ಧ ಆ ಕಡೆ, ಅರ್ಧ ಈ ಕಡೆ. ಹೆಡ್ ಮೇಡಮ್ ಬಾಗಿಲಿಗೆ ಬಂದು ನಿಂತು, 'ಇಬ್ರಾಗ ಒಬ್ರು ಬಂದ್ ಮಾಡ್ರಿ' ಅಂದರು. ಸಹಜವಾಗಿ ಬಂದ್ ಮಾಡಿದ್ದು ಇವರೇ.

ನಾನು ಕೇಳಿದೆ, 'ಮಕ್ಕಳು ಯಾವುದಕ್ಕೆ ಚೆನ್ನಾಗಿ ಹಾಡಿದ್ರು?' ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ನಂದಕ್ಕನ ಸರ್ರ' ಅಂದರು, ಕಳ್ಳತನ ಒಪ್ಪಿಕೊಂಡವರ ದನಿಯಲ್ಲಿ.

ಕಾರಣ ಸರಳ. ತಾಲೀಮಿನ ಆ ಹಾಡಿನ ಸಾಲು ಮಂದ್ರದ ಪಂಚಮದ ತನಕ, ಅಂದರೆ ಕೆಳ ಸಪ್ತಕದ 'ಪ'ದ ತನಕ, ಇಳಿಯುತ್ತದೆ. ಜಿಯಲ್ಲಿ ಹಾಡಿದರೆ ಅಷ್ಟು ಕೆಳಗೆ ಚಿಕ್ಕ ಮಕ್ಕಳ ದನಿ ಇಳಿಯುವುದಿಲ್ಲ, ಬರೀ ತುಟಿ ಅಲುಗುತ್ತದೆ. ಷಡ್ಜ ಸಿಗೆ ಏರಿದ ಕೂಡಲೇ ಅದೇ ಸಾಲು ಮಕ್ಕಳ ಗಂಟಲಿಗೆ ಸಿಕ್ಕಿತು. ಮೇಷ್ಟ್ರು ಒಂದು ಸಪ್ತಕ ಕೆಳಗೆ, ಮಕ್ಕಳು ಮೇಲೆ. ಎಲ್ಲರಿಗೂ ಆರಾಮ. ಗಿಟಾರಿನಲ್ಲಿ ಕಲಿತ ಬೆರಳು ಬದಲಾಗಲಿಲ್ಲ, ಹಾಡು ಮಾತ್ರ ತಾನಾಗಿ ಮೇಲೆ ಹೋಯಿತು.

'ಇದೇ ನಿಮ್ಮ ಯುಕುಲೇಲಿಯ ಕೆಲಸ' ಅಂದೆ. 'ಅದು ಶಾಲೆಯಲ್ಲೇ ಇರಲಿ. ಬೆಳಗಿನ ಪ್ರಾರ್ಥನೆ, ಮಕ್ಕಳ ಹಾಡು, ಅಷ್ಟೇ. ಅದರ ಮೇಲೆ ಅಭ್ಯಾಸ ಅಂತ ಕೂರಬೇಡಿ, ಹಾಡಿ. ಗಿಟಾರ್ ಮನೆಯಲ್ಲಿ. ಅದಕ್ಕೆ ಈಗ ಒಂದೇ ಕೆಲಸ, ಎಫ್. ಎಫ್ ಬರುವ ತನಕ ಬೇರೆ ಮಾತಿಲ್ಲ.' ಮೇಷ್ಟ್ರು ಡೈರಿ ತೆಗೆದು, 'ದಿನಾ ಎಷ್ಟು ತಾಸು?' ಅಂದರು! ಅಯ್ಯೋ ಮಾರಾಯರೇ. ತಾಸು ಕೇಳಬೇಡಿ ಅಂದೆನಲ್ಲ!

ಎಫ್ ಹೇಗೆ ಕೂಡಿಸಿದೆವು ಅಂತಲೂ ಹೇಳಿಬಿಡುತ್ತೇನೆ, ಬಹಳ ಜನಕ್ಕೆ ಉಪಯೋಗ. ಅವರು ತೋರುಬೆರಳನ್ನು ಚಪ್ಪಟೆಯಾಗಿ ಇಡುತ್ತಿದ್ದರು. ಬೆರಳಿನ ಗೆಣ್ಣಿನ ಸಂದು ಸರಿಯಾಗಿ ಒಂದು ತಂತಿಯ ಮೇಲೆ ಬಂದು ಆ ತಂತಿ ಟಪ್ ಅನ್ನುತ್ತಿತ್ತು. ಬೆರಳನ್ನು ಸ್ವಲ್ಪ ಹೊರಮಗ್ಗುಲಿಗೆ ಉರುಳಿಸಿ, ಮೂಳೆ ಗಟ್ಟಿಯಾಗಿರುವ ಅಂಚನ್ನು ಫ್ರೆಟ್ಟಿನ ಕಂಬಿಗೆ ತೀರಾ ಹತ್ತಿರ ಒಯ್ಯಿ ಅಂದೆ. ಹೆಬ್ಬೆರಳು ಹಿಂದೆ ನಡುಮಧ್ಯೆ. ಮೊಣಕೈ ಪಕ್ಕೆಗೆ ಹತ್ತಿರ. ಹಿಂಡಬೇಡಿ, ತೋಳಿನ ಭಾರ ಬಿಡಿ. ಒಂದೊಂದೇ ತಂತಿ ಮೀಟಿ ನೋಡಿ, ಯಾವುದು ಸತ್ತಿದೆ ಅಂತ ಗೊತ್ತಾಗುತ್ತದೆ. ಮೇಷ್ಟ್ರು ರಾತ್ರಿ ಊಟ ಆದ ಮೇಲೆ ಇದೊಂದನ್ನೇ ಹಿಡಿದು ಕೂತರು. ಕೆಲವು ದಿನ ಹತ್ತು ನಿಮಿಷ, ಕೆಲವು ದಿನ ಒಂದು ತಾಸು, ಕೆಲವು ದಿನ ಇಲ್ಲವೇ ಇಲ್ಲ. ಬಾಕಿ ಇಲ್ಲ, ಬಡ್ಡಿ ಇಲ್ಲ. ದೀಪಾವಳಿ ಹೊತ್ತಿಗೆ ಎಫ್ ಬಂತು. ಗೋಡೆಯ ವೇಳಾಪಟ್ಟಿ ಎಲ್ಲಿ ಅಂತ ಕೇಳಿದೆ. ಡ್ರಾಯಿಂಗ್ ಶೀಟ್ ಗಟ್ಟಿಯಾಗಿತ್ತಂತೆ, ಅದರ ಹಿಂಬದಿಯಲ್ಲಿ ಅವರ ಮನೆಯವರು ಹಬ್ಬದ ಕಿರಾಣಿ ಪಟ್ಟಿ ಬರೆದಿದ್ದರು.

ಕಥೆ ಸ್ವಲ್ಪ ಉದ್ದ ಆಯಿತು. ಇರಲಿ.

ಈಗ ಗದಗಿನ ಕೇಳುಗರು ಒಂದು ಆಕ್ಷೇಪ ಎತ್ತುತ್ತೀರಿ, ನನಗೆ ಇಲ್ಲಿಂದಲೇ ಕೇಳುತ್ತಿದೆ. ನಮ್ಮ ಪುಟ್ಟರಾಜ ಗವಾಯಿಗಳು ಹಾರ್ಮೋನಿಯಂ, ತಬಲಾ, ಸಾರಂಗಿ, ವಯಲಿನ್ ಎಲ್ಲವನ್ನೂ ನುಡಿಸುತ್ತಿರಲಿಲ್ಲವೇ, ನಮಗೆ ಎರಡು ಬರುವುದಿಲ್ಲವೇ ಅಂತ. ಸ್ವಾಮಿ, ಅವರ ಇಡೀ ಬದುಕೇ ಸಂಗೀತ. ನಿಮಗೆ ಆಫೀಸಿದೆ, ಮನೆ ಸಾಲದ ಕಂತಿದೆ, ಮಗಳ ಟ್ಯೂಷನ್ ಇದೆ. ನಿಮಗೆ ಸಿಗುವುದು ಊಟಕ್ಕೂ ನಿದ್ದೆಗೂ ನಡುವಿನ ಚೂರು ಹೊತ್ತು. ಅದನ್ನೂ ಕತ್ತರಿಸಿ ಎರಡು ಮಾಡಿದರೆ ಕೈಗೆ ಏನು ಉಳಿಯುತ್ತದೆ?

ಹವಾಯಿಯಲ್ಲೂ ಯುಕುಲೇಲಿ ಗಿಟಾರಿನ ಜೊತೆಜೊತೆಗೇ ಇತ್ತು. 1879ರಲ್ಲಿ ಮಡೇರಾ ದ್ವೀಪದ ಪೋರ್ಚುಗೀಸರು ಕಬ್ಬಿನ ತೋಟದ ಕೆಲಸಕ್ಕೆ ಅಂತ ರೇವನ್ಸ್‌ಕ್ರಾಗ್ ಅನ್ನುವ ಹಡಗಿನಲ್ಲಿ ಹವಾಯಿಗೆ ಬಂದಿಳಿದರು. ಜೊತೆಗೆ ತಮ್ಮ ಪುಟ್ಟ ತಂತಿವಾದ್ಯ ಮಶೆಟೆ ತಂದರು. ಅದೇ ಹಡಗಿನಲ್ಲಿ ಬಂದ ಬಡಗಿಗಳು ಆಮೇಲೆ ಅಲ್ಲಿ ಯುಕುಲೇಲಿ ಮಾಡತೊಡಗಿದರು. ರಾಜ ಕಲಾಕವಾ ಅದನ್ನು ಮೆಚ್ಚಿ ಅರಮನೆಯ ಹಾಡು ಕುಣಿತಕ್ಕೆ ಸೇರಿಸಿಕೊಂಡ. ಹವಾಯಿಯಲ್ಲಿ ಗಿಟಾರ್ ಅದಕ್ಕೂ ಮೊದಲೇ ಇತ್ತು. ಯುಕುಲೇಲಿ ಬಂತು ಅಂತ ಗಿಟಾರನ್ನು ಯಾರೂ ಮೂಲೆಗೆ ಎಸೆಯಲಿಲ್ಲ. ಅದೇ ದ್ವೀಪದವರು ಗಿಟಾರನ್ನು ಮಡಿಲಲ್ಲಿ ಮಲಗಿಸಿ ಉಕ್ಕಿನ ಸರಳಿನಿಂದ ಜಾರಿಸಿ ನುಡಿಸುವುದನ್ನು ಲೋಕಕ್ಕೆ ಕೊಟ್ಟರು. ವಿಶ್ವಮೋಹನ ಭಟ್ಟರ ಮೋಹನ ವೀಣೆ, ಅಂದರೆ ಹಾಗೆ ಜಾರಿಸಿ ನುಡಿಸಲು ಮಾರ್ಪಡಿಸಿದ ಗಿಟಾರ್, ಕೇಳಿದವರಿಗೆ ಆ ಜಾರುವಿಕೆ ಎಲ್ಲಿಯ ತನಕ ಹೋಗಬಲ್ಲದು ಅಂತ ಗೊತ್ತು. ಅದರ ಬಗ್ಗೆ ಇನ್ನೊಂದು ದಿನ ಕರೆದರೆ ಸಂತೋಷದಿಂದ ಬರುತ್ತೇನೆ, ಇವತ್ತು ಹೊತ್ತಿಲ್ಲ.

ಬೇಗ ಬೇಗ ಉಳಿದದ್ದು ಹೇಳುತ್ತೇನೆ. ಖರ್ಜದ ತಂತಿ ಬೇಕಾದ ಕೆಲಸ, ಬೆರಳಿನಿಂದ ಬಿಡಿಸಿ ನುಡಿಸುವುದು, ಒಂದು ರಾಗದ ಎಳೆ ಹಿಡಿದು ಉದ್ದಕ್ಕೆ ಹೋಗುವುದು, ಇವು ಗಿಟಾರಿಗೆ. ಹಾಡಿನ ಹಿಂದೆ ತಾಳ ಹಾಕುವುದು, ಪ್ರವಾಸ, ಹಾಸ್ಟೆಲ್ ರೂಮು, ಮಕ್ಕಳು, ಹೊಸ ಹಾಡಿಗೆ ಕಾರ್ಡ್ ಹುಡುಕುವುದು, ಇವು ಯುಕುಲೇಲಿಗೆ. ಹುಬ್ಬಳ್ಳಿ ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ದಿನಾ ಓಡಾಡುವವರು ಯುಕುಲೇಲಿ ಬೆನ್ನಿಗೆ ಹಾಕಿಕೊಂಡು ಹೋಗಬಹುದು. ಬಸ್ಸಿನೊಳಗೆ ನುಡಿಸಬೇಡಿ, ದಯವಿಟ್ಟು. ವಯಸ್ಸಾಗಿ ಬೆರಳಿನ ಸಂದು ನೋಯುವವರು ಯುಕುಲೇಲಿಯನ್ನೇ ಮುಖ್ಯ ಮಾಡಿಕೊಳ್ಳಿ, ಗಿಟಾರನ್ನು ಮೊಮ್ಮಗನಿಗೆ ಕೊಡಿ. ಎರಡೂ ಹೊಸದಾಗಿ ತಂದಿದ್ದೀರಾ? ಒಂದನ್ನು ಕಪಾಟಿಗೆ ಸೇರಿಸಿ. ಇನ್ನೊಂದರಲ್ಲಿ ಒಂದು ಹಾಡು ಪೂರ್ತಿ ಬರುವ ತನಕ ತೆಗೆಯಬೇಡಿ. ಗಿಟಾರಿನವರು ಒಂದು ನೆನಪಿಡಿ, ಸ್ಟೀಲ್ ತಂತಿಗೆ ಗಟ್ಟಿಯಾದ ಬೆರಳ ತುದಿ ಬಹಳ ದಿನ ಬಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ನೈಲಾನ್ ತಂತಿಯ ಯುಕುಲೇಲಿ ಅದನ್ನು ಕಾಪಾಡುವುದಿಲ್ಲ.

ಗಾಜಿನ ಆಚೆಯಿಂದ ಕೈಸನ್ನೆ ಆಗುತ್ತಿದೆ. ಮುಗಿಸುತ್ತೇನೆ, ಮುಗಿಸುತ್ತೇನೆ. ಇದೊಂದು ಹೇಳದೆ ಏಳುವುದಿಲ್ಲ: ಮನೆಯಲ್ಲಿ ಉಳಿದಿರುವ ಗಿಟಾರಿನ ಸ್ಟೀಲ್ ತಂತಿಯನ್ನು ಯುಕುಲೇಲಿಗೆ ಕಟ್ಟಬೇಡಿ. ಆ ಬಿಗಿಗೆ ಮೇಲಿನ ತೆಳು ಹಲಗೆ ಉಬ್ಬುತ್ತದೆ, ತಂತಿ ಕಟ್ಟುವ ಬ್ರಿಜ್ ಪಟ್ಟಿ ಕಿತ್ತು ಬರುತ್ತದೆ. ಯುಕುಲೇಲಿಯದೇ ನೈಲಾನ್ ತಂತಿ ಕೇಳಿ ತನ್ನಿ. ಹೊಸ ತಂತಿ ಮೊದಮೊದಲು ಹಿಗ್ಗಿ ದಿನಾ ಶ್ರುತಿ ಇಳಿಯುತ್ತದೆ. ಅದು ವಾದ್ಯದ ದೋಷ ಅಲ್ಲ, ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ನಮಸ್ಕಾರ.