ಬೇರಿಗೆ ಹಾಕಿದ ನೀರು ಎಲ್ಲಿಗೆ ಹೋಗುತ್ತದೆ?

ಕೇಳುಗರೇ, ನಮಸ್ಕಾರ.

ಗಿಡಕ್ಕೆ ನೀರು ಹಾಕುತ್ತೇವೆ, ಬೇರು ಕುಡಿಯುತ್ತದೆ, ಗಿಡ ಬೆಳೆಯುತ್ತದೆ. ಅಷ್ಟೇ ಅಲ್ವಾ ಅಂದುಕೊಂಡಿರುತ್ತೇವೆ. ಆದರೆ ಬೇರು 100 ಲೀಟರ್ ನೀರು ಹೀರಿಕೊಂಡರೆ, ಗಿಡ ತನ್ನ ಮೈಗೆ ಅಂತ ಇಟ್ಟುಕೊಳ್ಳುವುದು ಒಂದೆರಡು ಲೀಟರ್ ಮಾತ್ರ. ಮಿಕ್ಕಿದ್ದು ಹೆಚ್ಚೂಕಡಿಮೆ ಎಲ್ಲಾ ಎಲೆಗಳಿಂದ ಆವಿಯಾಗಿ ಗಾಳಿಗೆ ಸೇರುತ್ತದೆ. ಇದನ್ನೇ ಬಾಷ್ಪವಿಸರ್ಜನೆ ಅನ್ನುವುದು.

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ಒಳ್ಳೆಯ ಬಿಸಿಲಿರುವ ದಿನ, ಎಲೆ ತುಂಬಿದ ಸಣ್ಣ ಕೊಂಬೆಗೆ ತೆಳುವಾದ ಪ್ಲಾಸ್ಟಿಕ್ ಚೀಲ ತೊಡಿಸಿ, ದಾರದಿಂದ ಬಿಗಿಯಾಗಿ ಕಟ್ಟಿ. ಕೊಂಬೆಯನ್ನು ಮುರಿಯಬೇಡಿ, ಗಿಡದಲ್ಲೇ ಇರಲಿ. ಸ್ವಲ್ಪ ಹೊತ್ತಿಗೆ ಚೀಲದ ಒಳಮೈ ಮಬ್ಬಾಗುತ್ತದೆ. ಆಮೇಲೆ ಸಣ್ಣ ಸಣ್ಣ ಹನಿ ಕಟ್ಟುತ್ತವೆ. ಹನಿಗೆ ಹನಿ ಕೂಡಿ, ಚೀಲದ ಮೂಲೆಗೆ ಇಳಿದು ನಿಲ್ಲುತ್ತವೆ. ನೋಡಿದ ಮೇಲೆ ಚೀಲ ಬಿಚ್ಚಿಬಿಡಿ, ಇಲ್ಲದಿದ್ದರೆ ಒಳಗಿನ ಶಾಖಕ್ಕೆ ಎಲೆ ಬೆಂದೀತು.

ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಇದನ್ನು ತಕ್ಕಡಿಯಲ್ಲಿ ತೂಗಿಯೇ ನೋಡಿದರು. ಕುಂಡದಲ್ಲಿ ಬೆಳೆದ ಒಂದು ಸೂರ್ಯಕಾಂತಿ ಗಿಡ. ಮಣ್ಣಿನಿಂದ ನೀರು ಆರಿಹೋಗದಂತೆ ಕುಂಡದ ಬಾಯಿಗೆ ಸೀಸದ ತಗಡು ಮುಚ್ಚಿದರು. ಬೆಳಿಗ್ಗೆ ತೂಗಿದರು, ಸಂಜೆ ತೂಗಿದರು. ಆಳೆತ್ತರವೂ ಇಲ್ಲದ ಆ ಗಿಡ ಒಂದು ಹಗಲಿಗೆ ಸುಮಾರು ಅರ್ಧ ಲೀಟರ್ ನೀರು ಬಿಡುತ್ತಿತ್ತು. ರಾತ್ರಿ ಹೊತ್ತು ತೀರಾ ಕಡಿಮೆ. 1727ರಲ್ಲಿ ಅವರು ಈ ಲೆಕ್ಕವನ್ನೆಲ್ಲ ಪ್ರಕಟಿಸಿದರು. ಸುಮ್ನೆ ಊಹಿಸದೆ ತೂಗಿ ನೋಡಿದರಲ್ಲ, ಅದಕ್ಕೇ ನನಗೆ ಅವರ ಮೇಲೆ ತುಂಬಾ ಗೌರವ.

ಹಗಲಿಗೂ ರಾತ್ರಿಗೂ ಇಷ್ಟು ವ್ಯತ್ಯಾಸ ಯಾಕೆ? ಎಲೆಯ ಮೈಮೇಲೆ ಮೇಣದ ತೆಳು ಪದರ ಇರುತ್ತದೆ. ಅದನ್ನು ದಾಟಿ ನೀರು ಹೋಗುವುದು ಕಷ್ಟ. ಹೋಗುವ ದಾರಿ ಅಂದರೆ ಪತ್ರರಂಧ್ರಗಳು. ಕಣ್ಣಿಗೆ ಕಾಣದಷ್ಟು ಚಿಕ್ಕವು. ಒಂದು ಚದರ ಮಿಲಿಮೀಟರ್ ಜಾಗದಲ್ಲೇ ನೂರಾರು ಇರಬಹುದು. ಬಹಳಷ್ಟು ಮರಗಿಡಗಳಲ್ಲಿ ಇವು ಎಲೆಯ ಕೆಳಮೈಯಲ್ಲೇ ಜಾಸ್ತಿ. ನೀರಿನ ಮೇಲೆ ತೇಲುವ ನೈದಿಲೆ ಎಲೆಯಲ್ಲಿ ಮಾತ್ರ ಮೇಲ್ಮೈಯಲ್ಲಿರುತ್ತವೆ.

ಪ್ರತಿ ರಂಧ್ರದ ಅಕ್ಕಪಕ್ಕ ಎರಡು ಕಾವಲು ಕೋಶಗಳು. ಬೆಳಕು ಬಿದ್ದಾಗ ಅವುಗಳೊಳಗೆ ಪೊಟ್ಯಾಸಿಯಂ ಸೇರುತ್ತದೆ, ಅದರ ಹಿಂದೆ ನೀರೂ ನುಗ್ಗುತ್ತದೆ. ಕೋಶಗಳು ಉಬ್ಬಿ ಹೊರಕ್ಕೆ ಬಾಗುತ್ತವೆ, ನಡುವೆ ಸಂದು ತೆರೆಯುತ್ತದೆ. ಮಣ್ಣು ಒಣಗಿದರೆ ಅಬ್ಸಿಸಿಕ್ ಆಮ್ಲ ಅನ್ನುವ ಹಾರ್ಮೋನು ಹೆಚ್ಚುತ್ತದೆ. ಆಗ ಪೊಟ್ಯಾಸಿಯಂ ಹೊರಬೀಳುತ್ತದೆ, ನೀರೂ ಹೊರಡುತ್ತದೆ. ಕೋಶಗಳು ಮೆತ್ತಗಾಗಿ ಸಂದು ಮುಚ್ಚುತ್ತದೆ.

ಹಾಗಾದರೆ ಯಾವಾಗಲೂ ಮುಚ್ಚಿಕೊಂಡೇ ಇರಬಹುದಲ್ಲ? ಆಗುವುದಿಲ್ಲ. ಗಿಡದ ಆಹಾರಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ಇದೇ ದಾರಿಯಲ್ಲಿ. ಅದರ ಒಂದು ಅಣು ದಕ್ಕಬೇಕಾದರೆ ನೀರಿನ ನೂರಾರು ಅಣುಗಳು ಹೊರಗೆ ಹೋಗುತ್ತವೆ. ಗಿಡ ನೀರು ಪೋಲು ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಊಟಕ್ಕಾಗಿ ಅದು ತೆರುವ ಬೆಲೆ ಇದು.

ಹೋಗುವ ಆ ನೀರು ಸುಮ್ಮನೆಯೂ ಹೋಗುವುದಿಲ್ಲ. ಎಲೆಯಲ್ಲಿ ಆವಿಯಾದ ನೀರು ತನ್ನ ಹಿಂದಿನ ನೀರನ್ನು ಎಳೆಯುತ್ತದೆ. ನೀರಿನ ಅಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರುವುದರಿಂದ, ಬಾವಿಯಿಂದ ಹಗ್ಗ ಸೇದಿದ ಹಾಗೆ, ಬೇರಿನವರೆಗಿನ ಇಡೀ ನೀರಿನ ಎಳೆ ಮೇಲಕ್ಕೆ ಬರುತ್ತದೆ. ಡಬ್ಲಿನ್‌ನ ವಿಜ್ಞಾನಿಗಳಾದ ಹೆನ್ರಿ ಡಿಕ್ಸನ್ ಮತ್ತು ಜಾನ್ ಜಾಲಿ 1894ರಲ್ಲಿ ಮಂಡಿಸಿದ ವಿವರಣೆ ಇದು. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳಲ್ಲಿ 115 ಮೀಟರ್ ದಾಟಿದವೂ ಇವೆ. ಅಷ್ಟು ಎತ್ತರಕ್ಕೆ ನೀರು ಏರುತ್ತದೆ. ಪಂಪು ಇಲ್ಲ, ಹೃದಯ ಇಲ್ಲ, ಒಂದಿಷ್ಟೂ ಸದ್ದಿಲ್ಲ. ಎಷ್ಟು ಸಲ ಯೋಚಿಸಿದರೂ ನನಗೆ ಇದು ಬೆರಗೇ. ಮಣ್ಣಿನ ಲವಣಗಳೂ ಈ ನೀರಿನ ಜೊತೆಗೇ ಮೇಲೆ ಬರುತ್ತವೆ. ಎಲೆಯೂ ತಂಪಾಗಿರುತ್ತದೆ.

ಬರಡು ನೆಲದ ಗಿಡಗಳು ಬೇರೆ ದಾರಿ ಹುಡುಕಿಕೊಂಡಿವೆ. ಪಾಪಾಸುಕಳ್ಳಿ ತನ್ನ ರಂಧ್ರಗಳನ್ನು ತೆರೆಯುವುದೇ ರಾತ್ರಿ, ತಂಪು ಹೊತ್ತಿನಲ್ಲಿ. ಕಣಗಿಲೆಯ ಎಲೆಯಲ್ಲಿ ರಂಧ್ರಗಳು ಕೂದಲು ತುಂಬಿದ ಕುಳಿಗಳೊಳಗೆ ಅಡಗಿರುತ್ತವೆ.

ಕೊನೆಗೆ ಗಿಡ ಬೆಳೆಸುವವರಿಗೆ ಒಂದು ಮಾತು. ನಡುಮಧ್ಯಾಹ್ನ ಎಲೆ ಜೋತುಬಿದ್ದಿದ್ದು ಕಂಡ ಕೂಡಲೇ ನೀರು ಸುರಿಯಬೇಡಿ. ಮೊದಲು ಮಣ್ಣಿನೊಳಗೆ ಬೆರಳು ಇಳಿಸಿ ನೋಡಿ. ತೇವ ಇದ್ದರೆ, ಹೆಚ್ಚಿನ ಸಲ, ಎಲೆ ಬಿಡುವ ವೇಗಕ್ಕೆ ಬೇರು ಸರಿಗಟ್ಟುತ್ತಿಲ್ಲ ಅಂತಷ್ಟೇ ಅರ್ಥ. ಸಂಜೆಗೆ ಅದು ತಾನಾಗಿಯೇ ಎದ್ದು ನಿಲ್ಲುತ್ತದೆ. ಮರುದಿನ ಬೆಳಿಗ್ಗೆಯೂ ಬಾಡಿಕೊಂಡೇ ಇದ್ದು, ಮಣ್ಣೂ ಒಣಗಿದ್ದರೆ, ಆಗ ತಡಮಾಡದೆ ನೀರು ಕೊಡಿ. ಸಸಿ ಕಿತ್ತು ನೆಡುವಾಗಲೂ ಅಷ್ಟೇ. ಎಳೆ ಬೇರುಗಳು ಹರಿದಿರುತ್ತವೆ, ಎಲೆ ಮಾತ್ರ ಮೊದಲಿನಷ್ಟೇ ಇರುತ್ತದೆ. ಅದಕ್ಕೇ ಸಂಜೆ ನೆಟ್ಟು, ಕೆಲವು ದಿನ ನೆರಳು ಕೊಡಿ.

ನಮಸ್ಕಾರ.