ಕಟ್ಟೆ ನೀರು ಮಂಗಳವಾರ ಎಷ್ಟಿತ್ತು?

ನಮಸ್ಕಾರ ಕೇಳುಗರೇ. ಮಳೆಗಾಲ ಬಂತು ಅಂದರೆ ಮಂಡ್ಯದ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು, ಕಟ್ಟೆಗೆ ಎಷ್ಟು ಅಡಿ ಬಂತು? ಕನ್ನಂಬಾಡಿ, ಅಂದರೆ ಕೆಆರ್‌ಎಸ್ ಅಣೆಕಟ್ಟೆ, ತುಂಬಿದರೆ 124.80 ಅಡಿ, ನಮ್ಮೂರ ಮಕ್ಕಳಿಗೂ ಇದು ಬಾಯಿಪಾಠ. ನಮ್ಮ ಸೋದರಮಾವ ಪೇಪರ್ ನೋಡಿ ನೀರಿನ ಮಟ್ಟವನ್ನು ಕ್ಯಾಲೆಂಡರ್ ಮೇಲೆ ಬರೆದಿಡುತ್ತಾರೆ. ಆದರೆ ಪೇಪರ್ ಬಾರದ ದಿನ, ನೆಂಟರ ಮದುವೆಗೆ ಹೋದ ದಿನ ಆ ಚೌಕ ಖಾಲಿ. 'ಕಂಪ್ಯೂಟರ್ ಓದಿದ್ದೀಯಲ್ಲ, ತುಂಬಿಸಿ ಕೊಡೋ' ಅಂದರು.

ಸೋಮವಾರ 110 ಅಡಿ, ಗುರುವಾರ 116 ಅಡಿ ಅಂತ ಇಟ್ಟುಕೊಳ್ಳಿ. ಮೂರು ದಿನಕ್ಕೆ ಆರು ಅಡಿ, ಅಂದರೆ ದಿನಕ್ಕೆ ಎರಡು. ಹಾಗಾದರೆ ಮಂಗಳವಾರ 112, ಬುಧವಾರ 114. ಎರಡು ಚುಕ್ಕೆಗಳ ನಡುವೆ ಅಡಿಕೋಲಿಟ್ಟು ಗೆರೆ ಎಳೆದ ಹಾಗೆ, ಅಷ್ಟೇ. ಇದಕ್ಕೇ ಲೀನಿಯರ್ ಇಂಟರ್‌ಪೊಲೇಷನ್ ಅನ್ನುತ್ತಾರೆ. ಹೆಸರು ದೊಡ್ಡದು, ಲೆಕ್ಕ ನಮ್ಮ ಹಳೇ ತ್ರೈರಾಶಿಯೇ.

ಇಡೀ ತಿಂಗಳಿಗೆ ಒಂದೇ ಗೆರೆ ಸಾಲದು. ಅಕ್ಕಪಕ್ಕದ ಪ್ರತಿ ಜೋಡಿ ಚುಕ್ಕೆಗೂ ಅದರದೇ ಏರಿಳಿತ ಇರುತ್ತದೆ. ತಾರೀಖು ಕೊಟ್ಟರೆ ಅದು ಯಾವ ಎರಡು ಚುಕ್ಕೆಗಳ ನಡುವೆ ಬೀಳುತ್ತದೆ ಅಂತ ಹುಡುಕಿ, ಅಲ್ಲಿನ ಗೆರೆ ಮೇಲೆ ಮಟ್ಟ ಹೇಳಬೇಕು, ನಾನು ಬರೆಯಬೇಕಾದ ಫಂಕ್ಷನ್, ಅಂದರೆ ಪ್ರೋಗ್ರಾಮಿನ ತುಣುಕಿನ ಕೆಲಸ ಇಷ್ಟೇ. ಬರೆದೆ, ಓಡಿಸಿದೆ, ನಿಂತುಹೋಯಿತು. ಅರ್ಧ ರಾತ್ರಿ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಮಾವ ಒಂದೇ ತಾರೀಖಿಗೆ ಎರಡು ಅಂಕಿ ಬರೆದಿದ್ದರು, ಹಾಗಾಗಿ ಏರಿದ ಅಡಿಯನ್ನು ಸೊನ್ನೆ ದಿನದಿಂದ ಭಾಗಿಸಬೇಕಾಗಿ ಬಂದಿತ್ತು!

ಇನ್ನೊಂದು ಎಡವಟ್ಟು. ಕೊನೆಯ ಚುಕ್ಕೆ ಆದಮೇಲೂ ಸುಮ್ನೆ ಅದೇ ಗೆರೆ ಮುಂದುವರಿಸಿದೆ. ಗುರುವಾರದ 116ಕ್ಕೆ ದಿನಾ ಎರಡು ಸೇರಿಸುತ್ತಾ ಹೋದರೆ ಮುಂದಿನ ಮಂಗಳವಾರ 126 ಅಡಿ. ಕಟ್ಟೆ ತುಂಬಿದ ಮಟ್ಟವನ್ನೇ ದಾಟಿಬಿಟ್ಟಿತು ನನ್ನ ಲೆಕ್ಕ! ಈಗ ಆಚೆಯ ತಾರೀಖು ಕೇಳಿದರೆ 'ಗೊತ್ತಿಲ್ಲ' ಅನ್ನುವ ಹಾಗೆ ಮಾಡಿದ್ದೇನೆ.

ಆಮೇಲೆ ಮಾವನಿಗೆ ಅಡಿ ಸಾಲಲಿಲ್ಲ, ನೀರು ಎಷ್ಟಿದೆ ಅಂತ ಟಿಎಂಸಿಯಲ್ಲಿ ಬೇಕಂತೆ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಭತ್ತದ ನಾಟಿಗೆ ನಾಲೆ ನೀರು ಕಾಯುವವರಿಗೆ ಬೇಕಾದ್ದೂ ಅದೇ ತಾನೇ. ತುಂಬಿದಾಗ ಸುಮಾರು 49.45 ಟಿಎಂಸಿ. ಹಾಗಾದರೆ ಅರ್ಧ ಎತ್ತರ, 62.40 ಅಡಿಗೆ ಅರ್ಧ ನೀರು ಅಂದುಬಿಡಬಹುದಾ? ಇಲ್ಲ. ನದಿ ಕಣಿವೆ ತಳದಲ್ಲಿ ಇಕ್ಕಟ್ಟು, ಮೇಲೆ ಹೋದ ಹಾಗೆ ಹರವು ಜಾಸ್ತಿ, ಬಾಣಲೆ ಇದ್ದಹಾಗೆ. ಕೆಳಗಿನ ಒಂದು ಅಡಿಗಿಂತ ಮೇಲಿನ ಒಂದು ಅಡಿ ಎಷ್ಟೋ ಪಾಲು ಹೆಚ್ಚು ನೀರು ಹಿಡಿಯುತ್ತದೆ. ಅದಕ್ಕೇ ಗೊತ್ತಿರುವ ಎರಡು ಮಟ್ಟಗಳ ನಡುವಿನ ಟಿಎಂಸಿ ಲೆಕ್ಕಕ್ಕೆ ನೇರ ಗೆರೆ ಎಳೆದರೆ ಅದು ಯಾವಾಗಲೂ ಇರುವುದಕ್ಕಿಂತ ಜಾಸ್ತಿ ನೀರು ತೋರಿಸುತ್ತದೆ. ಚುಕ್ಕೆಗಳು ಹತ್ತಿರ ಹತ್ತಿರ ಇದ್ದರೆ ಆ ತಪ್ಪು ಸಣ್ಣದು, ದೂರ ಇದ್ದರೆ ರೈತ ಮೋಸ ಹೋದ ಅಂತಲೇ ಲೆಕ್ಕ.

ಎಲ್ಲಾ ಕೇಳಿಸಿಕೊಂಡ ಮಾವ ನನ್ನ ಅಂಕಿಗಳನ್ನು ಕ್ಯಾಲೆಂಡರ್‌ಗೆ ಇಳಿಸಿದರು. ಪೇಪರಿನಲ್ಲಿ ಬಂದದ್ದು ಪೆನ್ನಿನಲ್ಲಿ, ನನ್ನದು ಪೆನ್ಸಿಲ್‌ನಲ್ಲಿ.